ನೀರಿಗೆ ಅದ್ದಿ ನೋಡದ ಟಾರ್ಚು

"ಟಾರ್ಚು ಕೊಳ್ಳೋಕೆ ಹೋದಾಗ ಮೊದಲು ಬೆಳಕು ನೋಡ್ಬಾರ್ದು ಮಾನಯ್. ಅಂಗಡಿಯೊಳಗೆ ಯಾವುದು ಬೆಳಗಲ್ಲ ಹೇಳು? ಹೊಸ ಸೆಲ್ಲು ಹಾಕಿ ಒತ್ತಿದ್ರೆ ಎಲ್ಲವೂ ಮದುವಣಗಿತ್ತಿ ಥರ ಹೊಳೀತಾವೆ. ಮೊದಲು ಕಿವಿ ಹತ್ರ ಹಿಡಿದು ಅಲ್ಲಾಡಿಸ್ಬೇಕು. ಒಳಗೆ ಗಿಲಕಿ ಥರ ಸದ್ದು ಬಂತೋ, ಅಲ್ಲೇ ಇಟ್ಟು ಬಾ. ಆಮೇಲೆ ಹಿಂದಿನ ಮುಚ್ಚಳ ಬಿಚ್ಚಿ ಸ್ಪ್ರಿಂಗಿನ ಮೇಲೆ ಬೆರಳಿಟ್ಟು ಒತ್ತು. ಅದು ವಾಪಸ್ ನಿನ್ನ ಬೆರಳನ್ನ ತಳ್ಬೇಕು, ಸೋಮಾರಿ ಗಂಡನ ಥರ ಬಿದ್ದಲ್ಲೇ ಬಿದ್ದಿರಬಾರ್ದು. ಮುಚ್ಚಳದ ಬಾಯಿಗೆ ರಬ್ಬರಿನ ಬಳೆ ಇದೆಯಾ ನೋಡು. ನಮ್ಮದು ಉಪ್ಪುಗಾಳಿ, ಆ ಬಳೆ ಇಲ್ದಿದ್ರೆ ಮಳೆಗಾಲ ಮುಗಿಯೋದ್ರೊಳಗೆ ಒಳಗೆಲ್ಲ ಹಸಿರು ಕಿಲುಬು. ಕರೆಂಟಿಗೆ ಚುಚ್ಚಿ ಚಾರ್ಜ್ ಮಾಡೋದನ್ನ ಮುಟ್ಟಲೇಬೇಡ, ಎಷ್ಟೇ ಚೆನ್ನಾಗಿರ್ಲಿ. ಕರೆಂಟು ಹೋದಾಗ ಬೇಕಾಗೋ ದೀಪಕ್ಕೆ ಕರೆಂಟೇ ಊಟ ಅಂದ್ರೆ ಹೇಗೆ? ದೊಡ್ಡ ಗಾಳಿ ಹೊಡೆದ್ರೆ ಕ್ರಿಸ್ಮಸ್ ಕಳೆದ್ರೂ ನಮಗೆ ಕರೆಂಟಿಲ್ಲ. ನಮ್ಮ ಗೂಡಂಗಡೀಲಿ ಸಿಗೋ ಸೆಲ್ಲು ಹಿಡಿಯೋ ಟಾರ್ಚೇ ಆಗ್ಬೇಕು. ಕಣ್ಣು ಕುಕ್ಕೋ ಹಾಗೆ ಉರಿಯೋದು ಬೇಡ, ಅದು ಬೇಗ ಸಾಯುತ್ತೆ. ಅಕ್ಕಿಯೊಳಗಿನ ಹುಳ ಕಾಣೋಷ್ಟು ಬೆಳಕು ಸಾಕು. ಕೊನೇಗೆ ಬೇಸಿನ್ನಿಗೆ ನೀರು ತುಂಬಿ, ಉರೀತಾ ಇರೋ ಹಾಗೇ ಮುಳುಗಿಸಿ, ಒಂದು ಲೋಟ ಕಾಫಿ ಕುಡಿದು ಮುಗಿಸೋವರೆಗೂ ಬಿಡು. ಗುಳ್ಳೆ ಮೇಲೆ ಬಂತಾ, ಒಳಗೆ ನೀರು ಹೋಯ್ತು ಅಂತ. ಇಷ್ಟೆಲ್ಲ ನನಗೆ ಗೊತ್ತಿತ್ತು ಮಾನಯ್. ಗೊತ್ತಿಲ್ದೆ ಮಾಡಿದ್ರೆ ತಪ್ಪು ಅಂತಾರೆ. ಗೊತ್ತಿದ್ದೂ ಮಾಡ್ದೇ ಇದ್ದದ್ದಕ್ಕೆ ಏನಂತಾರೆ, ನೀನೇ ಹೇಳು."

ಸಾಲ್ಬಿಂಗ್ ಇದನ್ನು ಹೇಳಿದ್ದು ನಮ್ಮ ಹಿತ್ತಿಲಲ್ಲಿ, ಇಬ್ಬರೂ ಬಾದಾಮಿಯಂಥ ತಿರುಳಿರುವ ಪಿಲಿ ಕಾಯಿ ಒಡೆಯುತ್ತ ಕೂತಿದ್ದಾಗ. ಅವಳ ಕತ್ತಿ ಕಾಯಿಯ ನಡುಮಧ್ಯೆ ಬೀಳುತ್ತಿತ್ತು, ಕಣ್ಣು ಮಾತ್ರ ನನ್ನ ಮುಖಕ್ಕೆ ಬರುತ್ತಿರಲಿಲ್ಲ. ಅವಳಿಗೆ ಬೇಕಾಗಿದ್ದುದು ಕೇಳುವವರು.

ಅವಳ ಪೂರ್ತಿ ಹೆಸರು ಸಾಲ್ವಸಿಯೋನ್ ತಬ್ಲಿಸೊ. ನನಗಿಂತ ನಾಲ್ಕಾರು ವರ್ಷ ಚಿಕ್ಕವಳು, ಆದ್ದರಿಂದ ನಾನು ಅವಳಿಗೆ ಮಾನಯ್, ಅಂದರೆ ಅಕ್ಕ. ನಮ್ಮದು ಕತಾಂದುವಾನೆಸ್ ದ್ವೀಪದಲ್ಲಿ ಸಮುದ್ರಕ್ಕೆ ಎದೆಯೊಡ್ಡಿ ಕೂತ ಊರು. ದೊಡ್ಡ ಸಾಗರದಿಂದ ಏಳುವ ಬಿರುಗಾಳಿ ಮೊದಲು ನಮ್ಮ ಬಾಗಿಲು ತಟ್ಟಿಯೇ ಮುಂದೆ ಹೋಗುವುದು. ಸಾಲ್ಬಿಂಗಳ ಗಂಡ ದೊಮಿಂಗ್ ಮೀನು ಹಿಡಿಯುತ್ತಿದ್ದ, ಎದೆನೋವಿನಲ್ಲಿ ತೀರಿಕೊಂಡ. ಅವಳು ಬಾಳೆಎಲೆಯಲ್ಲಿ ಸುತ್ತಿದ ಅಂಟಕ್ಕಿ ಕಡುಬು ಬೇಯಿಸಿ, ಬುಟ್ಟಿ ತಲೆಯ ಮೇಲಿಟ್ಟು ಬೀದಿ ಬೀದಿ ಮಾರಿ ಬದುಕಿದವಳು.

ಟಾರ್ಚಿನ ಹುಚ್ಚು ಅವಳಿಗೆ ಹಿಡಿದದ್ದು, ಈಗ ಬೇರೆ ಊರಿನಲ್ಲಿರುವ ಮಗಳು ಹುಟ್ಟಿದಾಗ. ಆಗಲೂ ಗಾಳಿ ಹೊಡೆದು ಊರೆಲ್ಲ ಕತ್ತಲು. ಸೂಲಗಿತ್ತಿಯ ಕೈಯಲ್ಲಿದ್ದ ಟಾರ್ಚು ಸರಿಯಾಗಿ ಮಗುವಿನ ತಲೆ ಕಾಣುವ ಹೊತ್ತಿಗೆ ಆರಿಹೋಯಿತಂತೆ. ಆ ಪುಣ್ಯಾತ್ಗಿತ್ತಿ ಮಿಕ್ಕದ್ದನ್ನೆಲ್ಲ ಕೈಯಲ್ಲಿ ತಡವಿಯೇ ಮುಗಿಸಿದಳು. "ಹೆತ್ತ ಮಗಳ ಮುಖ ನೋಡೋಕೆ ಸೂರ್ಯ ಹುಟ್ಟೋವರೆಗೂ ಕಾಯ್ಬೇಕಾಯ್ತು," ಎಂದು ಸಾಲ್ಬಿಂಗ್ ಆಗಾಗ ಹೇಳುತ್ತಿದ್ದಳು.

ಅಂದಿನಿಂದ ಅವಳು ವಿರಾಕ್ ಪೇಟೆಗೆ ಹೋದರೆ ಮುದುಕ ಚೀನೀಯವನ ಅಂಗಡಿಗೆ ಹೋಗದೆ ಬರುತ್ತಿರಲಿಲ್ಲ. ನಾನೂ ಜೊತೆಗೆ ಹೋಗಿದ್ದುಂಟು. ಹಗಲಲ್ಲಿ ಬೆಳಕು ಹೇಗೆ ತಿಳಿಯುತ್ತದೆ? ಅಕ್ಕಿಯ ಖಾಲಿ ಚೀಲವನ್ನು ತಲೆಯ ಮೇಲಿಂದ ಸೊಂಟದವರೆಗೂ ಎಳೆದುಕೊಂಡು, ಒಳಗೆ ಟಾರ್ಚು ಹತ್ತಿಸಿ ನಿಂತುಬಿಡುವಳು. ಅಂಗಡಿಗೆ ಬಂದವರು ಹೊಟ್ಟೆ ಹಿಡಿದುಕೊಂಡು ನಗುವರು. ಚೀನೀಯವನೂ ನಗುವನು. "ಸಾಲ್ಬಿಂಗ್ ಬಂದ್ಲು, ಬೇಸಿನ್ ತನ್ನಿ! ಇವತ್ತು ನನ್ನ ಟಾರ್ಚಿಗೆಲ್ಲ ಸ್ನಾನ!" ಎಂದು ಒಳಗೆ ಕೂಗುವನು. ಅವಳು ಬೇಡವೆಂದು ಬದಿಗಿಟ್ಟದ್ದನ್ನು ಅವನೂ ಆಮೇಲೆ ಮಾರುತ್ತಿರಲಿಲ್ಲ.

ಕ್ರಮೇಣ ಇಡೀ ಕೇರಿಗೇ ಅವಳು ಆರಿಸಿ ತರುವುದು ವಾಡಿಕೆಯಾಯಿತು. ಮಳೆಗಾಲದ ಮುಂಚೆ ಇಗರ್ಜಿಯ ಹೆಂಗಸರು ಒಟ್ಟು ಸೇರಿ ದುಡ್ಡು ಹಾಕುವರು, ಸಾಲ್ಬಿಂಗ್ ಹೋಗಿ ತರುವಳು. ತಂದದ್ದನ್ನು ಯಾರೂ ಒತ್ತಿ ಕೂಡ ನೋಡುತ್ತಿರಲಿಲ್ಲ. ಸಾಲ್ಬಿಂಗ್ ನೋಡಿದ್ದಾಳೆ ಎಂದರೆ ಮುಗಿಯಿತು.

ನಮಗೆ ಟಾರ್ಚು ಬೇಕಾದದ್ದು ಬರೀ ಹಿತ್ತಿಲಿಗೆ ಹೋಗಿ ಬರಲಿಕ್ಕಲ್ಲ. ಗಾಳಿ ಇಳಿದ ಸಂಜೆ, ಕತ್ತಲಾಗುತ್ತಿದ್ದ ಹಾಗೆ, ಪ್ರತಿ ಮನೆಯವರೂ ಕಿಟಕಿಯಿಂದ ಗುಡ್ಡದ ಮೇಲಿನ ಇಗರ್ಜಿಯ ಕಡೆಗೆ ಬೆಳಕು ಬಿಡಬೇಕು. ನಾವು ಬದುಕಿದ್ದೇವೆ, ಚೆನ್ನಾಗಿದ್ದೇವೆ ಎಂದು ಅದರ ಅರ್ಥ. ಗುಡ್ಡದ ಮೇಲೆ ಮಾನೋಯ್ ದಿಯೋ, ಅಂದರೆ ದಿಯೋ ಅಣ್ಣ, ನಿಂತು ಮನೆ ಮನೆಯ ಹೆಸರು ಹೇಳುವನು. ಎಲ್ಲಿ ಬೆಳಕಿಲ್ಲವೋ ಆ ಮನೆಗೆ ಗಂಡಸರು ಓಡುವರು. ಫೋನಿನ ಕಂಬ ಮೊದಲೇ ಮುರಿದು ಬಿದ್ದಿರುತ್ತದೆ, ನಮಗೆ ಇದೊಂದೇ ದಾರಿ.

ಹೀಗಿರುವಾಗ ಚೀನೀಯವನು ಅಂಗಡಿ ಮುಚ್ಚಿ ಮಗಳ ಊರಿಗೆ ಹೋದ. ಅದೇ ವರ್ಷ ನಮ್ಮೂರಿನ ಗ್ಲೆಂಡಾ ದೋಣಿಕಟ್ಟೆಯ ರಸ್ತೆಯಲ್ಲಿ ಅಂಗಡಿ ತೆರೆದಳು. ಗ್ಲೆಂಡಾಳನ್ನು ಜ್ಞಾನಸ್ನಾನದ ದಿನ ಎತ್ತಿ ಹಿಡಿದವಳು ಸಾಲ್ಬಿಂಗ್. ಹಾಗಾಗಿ ಅವಳಿಗೆ ಸಾಲ್ಬಿಂಗ್ ನಿನಾಂಗ್, ಎರಡನೆಯ ತಾಯಿ. ಗ್ಲೆಂಡಾಳ ತಾಯಿ ನೆನಿಂಗ್ ಮತ್ತು ಸಾಲ್ಬಿಂಗ್ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವುದಿಲ್ಲ, ಮಾದಿ ಎನ್ನುತ್ತಾರೆ. ಮಗುವಿನಿಂದಾದ ನೆಂಟಸ್ತಿಕೆ ಅದು, ರಕ್ತಕ್ಕಿಂತ ಹೆಚ್ಚು ನಾಜೂಕು.

ಆ ಮಳೆಗಾಲಕ್ಕೆ ಕೇರಿಯ ಟಾರ್ಚು ತರಲು ಗ್ಲೆಂಡಾಳ ಅಂಗಡಿಗೆ ಹೋದ ದಿನ ನಡೆದದ್ದನ್ನು ಸಾಲ್ಬಿಂಗ್ ನನಗೆ ಪಿಲಿ ಒಡೆಯುವಾಗ ಹೇಳಿದಳು.

"ಅಂಗಡಿ ತುಂಬ ಜನ. ನಾನು ಕಾಲಿಟ್ಟಿದ್ದೇ ತಡ, ಆ ಹುಡುಗಿ ಬಂದು ನನ್ನ ಕೈಯನ್ನ ಹಣೆಗೆ ಒತ್ಕೊಂಡು ಆಶೀರ್ವಾದ ತಗೊಂಡ್ಳು. 'ನಿನಾಂಗ್, ನಿಮಗೇ ಅಂತ ತೆಗೆದಿಟ್ಟಿದ್ದೀನಿ' ಅಂತ ಉದ್ದುದ್ದ ಬೆಳ್ಳಿ ಬಣ್ಣದ ಟಾರ್ಚಿನ ಪೆಟ್ಟಿಗೆ ಮುಂದಿಟ್ಳು. ನೆನಿಂಗ್ ಪಕ್ಕದಲ್ಲೇ ಕೂತು ಎಲ್ಲರಿಗೂ, ನನ್ನ ಮಗಳ ಅಂಗಡಿ, ನನ್ನ ಮಗಳ ಅಂಗಡಿ, ಅಂತಿದ್ಲು. ಅಂಥ ಕಡೆ ನಾನು ಹೇಗೆ ಮಾನಯ್ ಬೇಸಿನ್ ಕೇಳ್ಲಿ? ಎತ್ತಿ ಆಡಿಸಿದ ಮಗು. ಎಲ್ಲರೆದುರಿಗೆ ನೀರಲ್ಲಿ ಮುಳುಗಿಸಿದ್ರೆ, ನಿನ್ನ ಮಾಲನ್ನ ನಂಬಲ್ಲ ಅಂದಂಗೆ. ಒಂದನ್ನ ಕಿವಿ ಹತ್ರ ತಂದೆ. ನೆನಿಂಗ್ ನನ್ನ ಕಡೆ ನೋಡಿದ್ಲು. ಕೈ ಕೆಳಗಿಳೀತು."

"ಮನೆಗೆ ತಂದ ಮೇಲೆ ನೋಡಬಹುದಿತ್ತಲ್ಲೆ," ಎಂದೆ ನಾನು.

"ಅದೇ. ಬಾವಿಕಟ್ಟೆ ಮೇಲೆ ಬಕೆಟ್ ತುಂಬಿತ್ತು. ಕೈಯಲ್ಲಿ ಟಾರ್ಚೂ ಇತ್ತು. ಮುಳುಗಿಸಿ, ಅದು ಕೆಟ್ಟಿದ್ದು ಅಂತ ತಿಳಿದ್ರೆ ವಾಪಸ್ ಕೊಡ್ಬೇಕಲ್ಲ? ಯಾವ ಮುಖ ಇಟ್ಕೊಂಡು ಕೊಡ್ಲಿ? ತಿಳೀದೇ ಇರೋದೇ ವಾಸಿ ಅಂತ ಆ ಬಕೆಟ್ ನೀರನ್ನ ಹಂದಿಗೆ ಹಾಕ್ಬಿಟ್ಟೆ."

ಆ ನವೆಂಬರಿನ ಗಾಳಿ ಬೆಳಿಗ್ಗೆ ಶುರುವಾಗಿ ಸಂಜೆಗೆ ಇಳಿಯಿತು. ನಾನು ಬೇರೆ ಮುದುಕಿಯರ ಜೊತೆ ಇಗರ್ಜಿಯಲ್ಲೇ ಇದ್ದೆ, ಅದು ಕಲ್ಲಿನ ಕಟ್ಟಡ. ಮಬ್ಬು ಕವಿದಾಗ ಮಾನೋಯ್ ದಿಯೋ ಹೊರಗೆ ಹೋಗಿ ನಿಂತ. ಕೆಳಗಿನ ಕೇರಿಯಲ್ಲಿ ಅಲ್ಲೊಂದು ಇಲ್ಲೊಂದು ಮಿಣಕ್ ಎಂದಿತು. ಅವು ಹಳೆಯ ಟಾರ್ಚು ಇಟ್ಟುಕೊಂಡಿದ್ದ ಮನೆಗಳು. ಉಳಿದದ್ದೆಲ್ಲ ಕಪ್ಪು.

"ಸಾಲ್ಬಿಂಗ್ ಮನೆ ಇಲ್ಲ. ನೆನಿಂಗ್ ಮನೆ ಇಲ್ಲ. ತಿಯಾ ಪಿಲಾಂಗ್ ಇಲ್ಲ..." ದಿಯೋ ಹೇಳುತ್ತ ಹೇಳುತ್ತ ನಮ್ಮ ಕಡೆ ತಿರುಗಿದ. "ಏನ್ರಪ್ಪಾ ಇದು, ಊರೇ ತೇಲಿಹೋಯ್ತಾ?"

ಗಂಡಸರು ಗುಡ್ಡದ ಬುಡದಿಂದ ಹೊರಟು ಒಂದೊಂದೇ ಮನೆ ಹೊಕ್ಕರು. ಹೋದಲ್ಲೆಲ್ಲ ಜನ ಸುಖವಾಗಿ ಕೂತು, ಟಾರ್ಚನ್ನು ಅಂಗೈಗೆ ಬಡಿಯುತ್ತಿದ್ದರು. ತೇವ ಒಳಗೆ ಸೇರಿ ಒಂದೂ ಹತ್ತಿರಲಿಲ್ಲ. "ನಮಗೇನಾಗಿಲ್ಲ, ಇದಕ್ಕೇ ಏನೋ ಆಗಿದೆ," ಎಂದು ಮನೆಮನೆಯಲ್ಲೂ ಒಂದೇ ಮಾತು. ಬಿದ್ದ ಮರ ದಾಟಿ, ಕೆಸರು ದಾಟಿ, ಸಹಾಯ ಬೇಡದ ಮನೆಗಳಿಗೆಲ್ಲ ಹೋಗಿ ಬರುವಷ್ಟರಲ್ಲಿ ರಾತ್ರಿ ಕಳೆಯಿತು.

ತಿಯಾ ಪಿಲಾಂಗ್ ಮನೆ ಹೊಳೆಯ ಬಾಯಲ್ಲಿ, ಎಲ್ಲಕ್ಕಿಂತ ಕೊನೆಗೆ. ತಿಯಾ ಅಂದರೆ ದೊಡ್ಡಮ್ಮ, ನಮಗೆಲ್ಲ ಹಾಗೇ ಇದ್ದ ಮುದುಕಿ, ಒಂಟಿ. ಎಷ್ಟು ಕರೆದರೂ ಹಂದಿ ಬಿಟ್ಟು ಇಗರ್ಜಿಗೆ ಬರುವವಳಲ್ಲ. ಬೆಳಕು ಹರಿದ ಮೇಲೆ ಅಲ್ಲಿಗೆ ಮುಟ್ಟಿದಾಗ ಮನೆಯ ಕಂಬ ಅವಳ ತೊಡೆಯ ಮೇಲೆ ಬಿದ್ದಿತ್ತು, ನೀರು ಸೊಂಟದ ತನಕ. ಕೈಯಲ್ಲಿ ಬೆಳ್ಳಿ ಬಣ್ಣದ ಟಾರ್ಚು ಹಾಗೇ ಇತ್ತು. ಒತ್ತಿ ಒತ್ತಿ ಹೆಬ್ಬೆರಳು ಬಾತುಹೋಗಿತ್ತು. ಜೀವ ಉಳಿಯಿತು, ಕಾಲು ಸೊಟ್ಟಗೆ ಕೂಡಿಕೊಂಡಿತು. ಈಗ ಅಂಗಳ ದಾಟಿ ಆಚೆ ಬರಲಾರಳು.

ಸಾಲ್ಬಿಂಗಳನ್ನು ಯಾರೂ ಬಯ್ಯಲಿಲ್ಲ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದಳೇನೋ. ನಮ್ಮ ಜನ ಬಯ್ಯುವುದಿಲ್ಲ, ತಮಾಷೆ ಮಾಡುತ್ತಾರೆ. ಕೂಗದ ಹುಂಜ ಸಾಲ್ಬಿಂಗ್ ಟಾರ್ಚು. ಸ್ಟಾರ್ಟ್ ಆಗದ ದೋಣಿ ಸಾಲ್ಬಿಂಗ್ ಟಾರ್ಚು. ಮದುವೆಯಾಗಿ ಎಷ್ಟು ದಿನವಾದರೂ ಹೆಂಡತಿ ಬಸುರಾಗದ ಅಳಿಯನೂ ಸಾಲ್ಬಿಂಗ್ ಟಾರ್ಚು. ಮೊದಲು ಅವಳಿಲ್ಲದಾಗ ಅನ್ನುತ್ತಿದ್ದರು, ಆಮೇಲೆ ಮರೆತು ಅವಳೆದುರಿಗೇ ಅಂದರು. ಅವಳೂ ನಕ್ಕಳು. ನಕ್ಕಾಗ ಅವಳ ಕಿವಿಯವರೆಗೂ ಕೆಂಪೇರುತ್ತಿದ್ದುದನ್ನು ನಾನು ನೋಡಿದೆ.

ಒಂದು ದಿನ ನೆನಿಂಗೇ ಬಾವಿಕಟ್ಟೆಯಲ್ಲಿ ನಿಂತು, "ಪಾಪ, ನಮ್ಮ ಮಾದಿಗೂ ವಯಸ್ಸಾಯ್ತು, ಕಣ್ಣು ಮಂಜು. ಆರಿಸೋದ್ರಲ್ಲಿ ಹಾಗೇ ಆಗುತ್ತೆ ಬಿಡಿ," ಎಂದಳು. ಸಾಲ್ಬಿಂಗ್ ಕೊಡ ತುಂಬಿಸಿಕೊಂಡು, "ಹೌದು ಮಾದಿ, ಮಂಜೇ," ಎಂದು ಹೊರಟಳು. ಅವಳ ಕಣ್ಣಿಗೆ ಮಂಜಿರಲಿಲ್ಲ. ಸೂಜಿಗೆ ದಾರ ಪೋಣಿಸಲು ನಾನು ಈಗಲೂ ಅವಳ ಹತ್ತಿರವೇ ಹೋಗುವುದು.

ಅಂದಿನಿಂದ ಅವಳು ದೊಡ್ಡ ಬೀದಿ ಬಿಟ್ಟು ತೆಂಗಿನ ತೋಪಿನ ಹಿಂದಿನ ಹಾದಿ ಹಿಡಿದಳು. ಕಡುಬು ಮಾರುವುದಕ್ಕೂ ನೆರೆಯೂರಿಗೆ ಹೋಗತೊಡಗಿದಳು. ಬೆಳಗಿನ ಜಾವ ತಿಯಾ ಪಿಲಾಂಗ್‌ಳ ಮೆಟ್ಟಿಲ ಮೇಲೆ ಒಂದಿಷ್ಟು ಕಡುಬು ಇಟ್ಟು, ಬಾಗಿಲು ತೆರೆಯುವ ಮುಂಚೆ ಬಂದುಬಿಡುವಳು. "ನನ್ನ ಮನೆಗೊಂದು ಬೆಕ್ಕು ಬರುತ್ತೆ. ಬೇರೆಯವು ಕದ್ದು ತಿಂತಾವೆ, ಇದು ಕದ್ದು ಕೊಡುತ್ತೆ," ಎಂದು ತಿಯಾ ಪಿಲಾಂಗ್ ನನ್ನ ಹತ್ತಿರ ನಕ್ಕಳು. ಕರೆದು ಮಾತಾಡಿಸಲಿಲ್ಲ.

ಮತ್ತೆ ಮಳೆಗಾಲ ಹತ್ತಿರವಾಯಿತು. ಮೇ ತಿಂಗಳಿಡೀ ಇಗರ್ಜಿಯಲ್ಲಿ ಹೂ ಅರ್ಪಿಸುವ ಪ್ರಾರ್ಥನೆ ಮುಗಿದ ಭಾನುವಾರ ಹೆಂಗಸರೆಲ್ಲ ಸೇರಬೇಕು, ಟಾರ್ಚಿನ ಮಾತು ಆಡಬೇಕು. ತಿಯಾ ಪಿಲಾಂಗ್, "ನಾನು ಬರಕ್ಕಾಗಲ್ಲ, ನೀವೇ ಬನ್ನಿ," ಎಂದು ಹೇಳಿ ಕಳಿಸಿದ್ದರಿಂದ ಅವಳ ಅಂಗಳದಲ್ಲೇ ಸೇರಿದೆವು. ಸಾಲ್ಬಿಂಗ್ ಬರುವುದಿಲ್ಲ ಎಂದಿದ್ದಳು. ನಾನು ಕೈ ಹಿಡಿದು ಕರೆತಂದೆ. ಎಲ್ಲರಿಗಿಂತ ಹಿಂದೆ, ಬೇಲಿಗೆ ಒರಗಿ ನಿಂತಳು.

ಈ ಸಲ ಯಾರು ಆರಿಸುವುದು ಎಂಬ ಮಾತು ಬಂತು. ಒಬ್ಬಳು ಸಣ್ಣಗೆ ಕಿಸಕ್ಕೆಂದಳು. ಆಗ ನೆನಿಂಗ್ ಎದ್ದಳು.

"ಆರಿಸೋದೇನಿದೆ? ಗ್ಲೆಂಡಾ ಅಂಗಡೀಲಿ ಇದ್ದೇ ಇದೆಯಲ್ಲ. ಹೋದ ಸಲ ಬಂದ ಕಡೆಯಿಂದಲೇ ಹೊಸ ಪೆಟ್ಟಿಗೆ ಬಂದಿದೆ. ಕಂಪನಿ ಮಾಲು."

"ಹೋದ ಸಲದ್ದು ಹತ್ತಲಿಲ್ಲವಲ್ಲ ಮಾನಯ್," ಎಂದಳು ಒಬ್ಬಳು.

"ಸೆಲ್ಲು ಹಾಕೋಕೆ ಬರ್ದೇ ಟಾರ್ಚನ್ನ ಬೈದ್ರೆ? ನೂರು ಜನಕ್ಕೆ ಮಾರಿದ್ದಾಳೆ ನನ್ನ ಮಗಳು. ಆರಿಸಿದೋರು ಸರಿಯಾಗಿ ಆರಿಸ್ಲಿಲ್ಲ ಅಂದ್ರೆ ಅಂಗಡಿ ಏನ್ಮಾಡುತ್ತೆ? ಅವರನ್ನ ಅಂದು ಏನು ಪ್ರಯೋಜನ, ವಯಸ್ಸಾದೋರು."

ಗ್ಲೆಂಡಾ ತಾಯಿಯ ತೋಳು ಹಿಡಿದೆಳೆದು, "ಸಾಕಮ್ಮಾ," ಎಂದಳು.

"ಹಾಗಾದ್ರೆ ಅದೇ ಆಗ್ಲಿ," ಎಂದು ಎರಡು ಮೂರು ದನಿಗಳು ಎದ್ದವು. ಬಿಸಿಲು ಏರುತ್ತಿತ್ತು, ಎಲ್ಲರಿಗೂ ಮನೆಯಲ್ಲಿ ಅಡಿಗೆ ಕಾಯುತ್ತಿತ್ತು. ಮಾತು ಅಲ್ಲಿಗೇ ಮುಗಿದುಹೋಗುವುದರಲ್ಲಿತ್ತು. ನನ್ನ ಪಕ್ಕದಲ್ಲಿ ಸಾಲ್ಬಿಂಗ್ ಬೇಲಿಯ ಬಿದಿರನ್ನು ಬಿಗಿಯಾಗಿ ಹಿಡಿದಿದ್ದಳು. ಸುಮ್ಮನಿದ್ದರೆ ಅದೇ ಟಾರ್ಚು ಮತ್ತೆ ಪ್ರತಿ ಮನೆಗೂ ಬರುತ್ತದೆ. ಬಾಯಿ ಬಿಟ್ಟರೆ ಎತ್ತಿ ಆಡಿಸಿದ ಹುಡುಗಿಯ ಮಾನ ಊರೆದುರಿಗೆ ಹೋಗುತ್ತದೆ. ಅವಳು ಮುಂದೆ ಬಂದಳು. ತಿಯಾ ಪಿಲಾಂಗ್ ಕೂತ ಬೆತ್ತದ ಕುರ್ಚಿಯ ಎದುರು ನಿಂತಳು.

"ನಾನು ಆರಿಸ್ಲಿಲ್ಲ ತಿಯಾ. ಹೋದ ವರ್ಷ ನಾನು ಆರಿಸ್ಲೇ ಇಲ್ಲ. ನೀರಿಗೆ ಅದ್ದಲಿಲ್ಲ, ಅಲ್ಲಾಡಿಸ್ಲಿಲ್ಲ, ಮುಚ್ಚಳ ಕೂಡ ಬಿಚ್ಚಲಿಲ್ಲ. ಪೆಟ್ಟಿಗೆ ಕೊಟ್ರು, ತಂದೆ. ನೀವೆಲ್ಲ ಸಾಲ್ಬಿಂಗ್ ನೋಡಿದ್ದಾಳೆ ಅಂದ್ರಿ, ನಾನು ಹ್ಞೂಂ ಅಂದೆ. ನೋಡಿರ್ಲಿಲ್ಲ."

"ಯಾಕೆ?" ಎಂದಳು ತಿಯಾ ಪಿಲಾಂಗ್.

ಸಾಲ್ಬಿಂಗ್ ತಿಯಾಳ ಸೊಟ್ಟ ಕಾಲನ್ನೇ ನೋಡುತ್ತಿದ್ದಳು. ಅವಳ ಕಣ್ಣು ತಪ್ಪಿಯೂ ಗ್ಲೆಂಡಾಳ ಕಡೆ ಹೋಗಲಿಲ್ಲ, ಅಷ್ಟು ಬಿಗಿಹಿಡಿದಿದ್ದಳು. ಆ ಬಿಗಿಯಿಂದಲೇ ಎಲ್ಲರಿಗೂ ತಿಳಿದುಹೋಯಿತು ಅಂತ ನನಗನ್ನಿಸುತ್ತದೆ. ಯಾಕೆಂದರೆ ಗ್ಲೆಂಡಾ ಎದ್ದುನಿಂತಳು.

"ನನ್ನ ಅಂಗಡಿ ಅಂತ. ಅಲ್ವಾ ನಿನಾಂಗ್?"

"ನೀನು ಕೂತ್ಕೊ ಮಗಳೆ."

"ನೀವು ಬರೋ ದಿನ ಗೊತ್ತಿತ್ತು ನನಗೆ. ಟೇಬಲ್ ಕೆಳಗೆ ಬೇಸಿನ್ನಲ್ಲಿ ನೀರು ತುಂಬಿಸಿಟ್ಟಿದ್ದೆ. ಯಾವುದು ಒಳ್ಳೇದು, ಯಾವುದು ಕೆಟ್ಟದ್ದು ನನಗೇನು ಗೊತ್ತು? ನಿನಾಂಗ್ ಬಂದು ನೋಡ್ತಾರೆ, ಬೇಡ ಅಂದಿದ್ದನ್ನ ವಾಪಸ್ ಕಳಿಸೋಣ ಅಂತಿದ್ದೆ. ನೀವು ಕೇಳ್ಲೇ ಇಲ್ಲ."

"ಕೇಳೋಕೆ ದಾಕ್ಷಿಣ್ಯ ಆಯ್ತು."

"ನನಗೂ. ನಾನೇ ಬೇಸಿನ್ ಮುಂದಿಟ್ರೆ, ಇವಳ ಮಾಲಿನ ಮೇಲೆ ಇವಳಿಗೇ ನಂಬಿಕೆ ಇಲ್ಲ ಅಂದ್ಕೊಳ್ತೀರೇನೋ ಅಂತ..." ಅವಳ ಮುಖವೂ ಕಿವಿಯವರೆಗೆ ಕೆಂಪಾಗಿತ್ತು.

ತಿಯಾ ಪಿಲಾಂಗ್ ಇಬ್ಬರನ್ನೂ ಸರದಿಯ ಮೇಲೆ ನೋಡಿದಳು. ಆಮೇಲೆ ಸೊಟ್ಟ ಕಾಲನ್ನು ಎರಡೂ ಕೈಯಿಂದ ಎತ್ತಿ ಸ್ವಲ್ಪ ಸರಿಸಿ ಇಟ್ಟುಕೊಂಡಳು.

"ನಿಮ್ಮಿಬ್ಬರ ದಾಕ್ಷಿಣ್ಯಕ್ಕೆ ನನ್ನ ಕಾಲು ಬೇಕಾಯ್ತಾ?"

ಯಾರೂ ನಗಲಿಲ್ಲ. ಅವಳೂ ನಗಿಸಲು ಹೇಳಿರಲಿಲ್ಲ. ಸಾಲ್ಬಿಂಗ್ ಅವಳ ಕೈಯನ್ನು ಹಣೆಗೆ ಒತ್ತಿಕೊಳ್ಳಲು ಬಾಗಿದಳು. ಮುದುಕಿ ಕೈಯನ್ನು ಕೊಡಲೂ ಇಲ್ಲ, ಎಳೆದುಕೊಳ್ಳಲೂ ಇಲ್ಲ, ಮಡಿಲಲ್ಲಿ ಹಾಗೇ ಇಟ್ಟುಕೊಂಡಿದ್ದಳು. ಸಾಲ್ಬಿಂಗ್ ಬಾಗಿದವಳು ಬಾಗಿಯೇ ಸ್ವಲ್ಪ ಹೊತ್ತು ನಿಂತು, ನೆಟ್ಟಗಾದಳು.

"ಇನ್ಮೇಲೆ ಯಾರ ಅಂಗಡಿಯಿಂದ ಬಂದ್ರೂ ಇಲ್ಲಿಗೆ ಬರ್ಲಿ," ಎಂದಳು ತಿಯಾ ಪಿಲಾಂಗ್. "ನನ್ನ ಅಂಗಳದಲ್ಲಿ, ನನ್ನ ಬೇಸಿನ್ನಲ್ಲಿ, ನನ್ನ ಕಣ್ಣೆದುರಿಗೆ ಅದ್ದಿ. ನನಗೆ ಯಾರ ದಾಕ್ಷಿಣ್ಯನೂ ಇಲ್ಲ, ನಾನು ಯಾರ ಮಗೂನೂ ಎತ್ತಿ ಹಿಡಿದೋಳಲ್ಲ. ಅದ್ದೋದು ಸಾಲ್ಬಿಂಗೇ. ಅವಳಿಗೆ ಕೆಲಸ ಗೊತ್ತು, ಧೈರ್ಯ ಇಲ್ಲ ಅಷ್ಟೆ. ಅದಕ್ಕೆ ನಾನಿರ್ತೀನಿ."

ನೆನಿಂಗ್ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಳು. ಇವತ್ತಿಗೂ ಅವಳು ಸಾಲ್ಬಿಂಗಳನ್ನು ಮಾದಿ ಎನ್ನುವುದಿಲ್ಲ. ಎದುರಾದರೆ ಛತ್ರಿ ಅಡ್ಡ ಹಿಡಿಯುತ್ತಾಳೆ. ಗ್ಲೆಂಡಾ ಮಾತ್ರ ಅದೇ ವಾರ ಹೊಸ ಪೆಟ್ಟಿಗೆಯನ್ನು ತಾನೇ ಹೊತ್ತು ತಂದಳು. ಸಾಲ್ಬಿಂಗ್ ಒಂದೊಂದನ್ನೇ ಹತ್ತಿಸಿ ನೀರಿಗೆ ಬಿಟ್ಟಳು. ಗುಳ್ಳೆಗಳು ಸಾಲಾಗಿ ಮೇಲೆ ಬಂದವು. ಗ್ಲೆಂಡಾ ಅಳುತ್ತಲೇ ಒರೆಸಿ ಒರೆಸಿ ಎಲ್ಲವನ್ನೂ ಪೆಟ್ಟಿಗೆಗೆ ತುಂಬಿ ಕಳಿಸಿದವರಿಗೇ ವಾಪಸ್ ಕಳಿಸಿದಳು. ಆಮೇಲೆ ಬೇರೆ ಕಡೆಯಿಂದ ಗಿಡ್ಡನೆಯ, ದಪ್ಪ ರಬ್ಬರಿನ ಟಾರ್ಚುಗಳು ಬಂದವು. ನೋಡಲು ಚೆಂದವಿಲ್ಲ. ಕಾಫಿ ಕುಡಿದು ಮುಗಿಸಿದರೂ ನೀರೊಳಗೆ ಉರಿಯುತ್ತಲೇ ಇದ್ದವು. ಕೇರಿಗೆ ಅವನ್ನೇ ಹಂಚಿದ್ದಾಯಿತು, ಈ ಸಲ ಪ್ರತಿಯೊಬ್ಬರೂ ಮನೆಯಲ್ಲಿ ಒತ್ತಿ ನೋಡಿಯೇ ಕಪಾಟಿಗೆ ಇಟ್ಟರು. ಸಾಲ್ಬಿಂಗ್ ನೋಡಿದ್ದಾಳೆ ಎಂಬ ಮಾತು ಈಗ ಸಾಲುವುದಿಲ್ಲ. ಅವಳಿಗೂ ಅದು ಗೊತ್ತು.

ತಮಾಷೆ ಪೂರ್ತಿ ನಿಂತಿಲ್ಲ. ಮೊನ್ನೆ ಮೊನ್ನೆ ಮೀನು ಮಾರುವವನೊಬ್ಬ ತನ್ನ ಕೆಟ್ಟ ತಕ್ಕಡಿಯನ್ನು ಅದೇ ಹೆಸರಿಟ್ಟು ಕರೆದ. ಸಾಲ್ಬಿಂಗ್ ಈಗ ನಗುವುದಿಲ್ಲ. ತಲೆ ತಗ್ಗಿಸಿ ಮೀನು ಆರಿಸುತ್ತಾಳೆ.

ಕಡುಬನ್ನೂ ಈಗ ಕದ್ದು ಇಟ್ಟು ಬರುವುದಿಲ್ಲ. ಬೆಳಿಗ್ಗೆ ಬಾಗಿಲು ತೆರೆದ ಮೇಲೆ ಹೋಗಿ, ನೀರು ಸೇದಿಟ್ಟು, ಹಂದಿಗೆ ಹಾಕಿ, ತಿಯಾ ಪಿಲಾಂಗ್‌ಳ ಅಂಗಳ ಗುಡಿಸುತ್ತಾಳೆ. ಇಬ್ಬರಿಗೂ ಹೆಚ್ಚು ಮಾತಿಲ್ಲ. ಇವತ್ತು ನಾನು ಹೋದಾಗಲೂ ಮುದುಕಿ ಮೆಟ್ಟಿಲ ಮೇಲೆ ಕೂತು ಕಡುಬಿನ ಎಲೆ ಬಿಚ್ಚುತ್ತಿದ್ದಳು.

"ಆ ಮೂಲೆ ಬಿಟ್ಟೆ," ಎಂದಳು ತಿನ್ನುತ್ತಲೇ.

ಸಾಲ್ಬಿಂಗ್ ಕಡ್ಡಿಪೊರಕೆಯ ಹಿಂಭಾಗವನ್ನು ಅಂಗೈಗೆ ಕುಟ್ಟಿ ಸಮ ಮಾಡಿಕೊಂಡು, ಬಾದಾಮಿ ಮರದ ಕೆಂಪು ಎಲೆಗಳು ಬಿದ್ದಿದ್ದ ಆ ಮೂಲೆಗೆ ಹೋಗಿ, ಬೇಲಿಯ ಬುಡದಿಂದ ಶುರುಮಾಡಿ ಗುಡಿಸತೊಡಗಿದಳು.